ಅಂಗಡಿ ಮುಚ್ಚಿದೆ

ಗೇಟಿನ ಚಿಲಕಕ್ಕೆ ಈಗಲೇ ಕೈ ಹಾಕಬೇಡಿ, ಇನ್ನೂ ಎರಡು ನಿಮಿಷ ಇದೆ. ನಾಲ್ಕು ಗಂಟೆ ಅಂದರೆ ಅವನಿಗೆ ನಾಲ್ಕೇ. ಮೂರೂ ಐವತ್ತೆಂಟಕ್ಕೆ ಗಂಟೆ ಒತ್ತಿದರೆ ಅವನ ಎದೆಯೊಳಗೆ ಏನೋ ಜಾರಿ ಬೀಳುತ್ತದೆ. ನಾಲ್ಕೂ ಐದಕ್ಕೆ ಬಂದರೆ ಬೀಳುವುದು ಅದಕ್ಕಿಂತ ದೊಡ್ಡದು. ಜಯನಗರದ ಈ ಅಡ್ಡರಸ್ತೆಯಲ್ಲಿ ಹೊಂಗೆ ಮರದ ಕೆಳಗೆ ಸುಮ್ಮನೆ ನಿಂತಿರಿ. ಒಳಗೆ ಒಗ್ಗರಣೆ ಚಟಪಟ ಸಿಡಿಯುತ್ತಿದೆ, ಕರಿಬೇವಿನ ವಾಸನೆ ಬೀದಿಗೆ ಬಂದಿದೆ. ಕಿಟಕಿಯ ಪರದೆ ಒಂದಂಗುಲ ಸರಿದು ಮತ್ತೆ ಮುಚ್ಚಿಕೊಂಡಿತು. ನೀವು ಬಂದಿರುವುದು ಅವನಿಗೆ ಗೊತ್ತು. ನಾಲ್ಕಾಗಲಿ ಎಂದು ಅವನೂ ಕಾಯುತ್ತಿದ್ದಾನೆ.

ಈಗ ಒತ್ತಿ.

ಬಾಗಿಲು ತೆರೆದವನಿಗೆ 34 ವರ್ಷ. ನಿಮಗಿಂತ ಎತ್ತರ, ಅಗಲ ಭುಜ, ಅಮ್ಮ ಬೆಳಿಗ್ಗೆಯಷ್ಟೇ ಬೋಳಿಸಿಕೊಟ್ಟ ಗಡ್ಡ. ಹೆಗಲಿಗೆ ಬಟ್ಟೆಚೀಲ, ಕುತ್ತಿಗೆಯಲ್ಲಿ ಕಾರ್ಖಾನೆಯವರು ಹಾಕಿಕೊಳ್ಳುವಂಥ ಕಿತ್ತಳೆ ಬಣ್ಣದ ಕಿವಿಗವಸು. ಅವನು ನಿಮ್ಮ ಮುಖ ನೋಡುವುದಿಲ್ಲ, ನಿಮ್ಮ ಅಂಗಿಯ ಮೂರನೇ ಗುಂಡಿ ನೋಡುತ್ತಾನೆ. “ಕೈಚೀಲ ತಂದ್ಯಾ?” ಎನ್ನುತ್ತಾನೆ. ಅಂಗಡಿಗೆ ಹೊರಟಾಗ ಅಮ್ಮ ಅವನನ್ನು ಕೇಳುವ ಪ್ರಶ್ನೆ ಅದು; ಅವಳದೇ ಧ್ವನಿ, ಅವಳದೇ ಏರಿಳಿತ. ಅವನ ಬಾಯಲ್ಲಿ ಅದಕ್ಕಿರುವ ಅರ್ಥ ಬೇರೆ: ಬಂದೆಯಾ, ಒಳ್ಳೇದಾಯ್ತು.

“ತಂದಿದೀನಿ” ಎಂದು ಚೀಲ ತೋರಿಸಿ. ಅವನ ಭುಜ ಅರ್ಧ ಇಂಚು ಇಳಿಯುತ್ತದೆ. ಅದೇ ಅವನ ನಗು.

ನಿಮ್ಮಿಬ್ಬರ ದಿನ ಶನಿವಾರ. ಇವತ್ತು ಸೋಮವಾರ. ಈ ಒಂದು ಬದಲಾವಣೆಗೆ ಮೂರು ವಾರದ ತಯಾರಿ ಬೇಕಾಯಿತು. ಗೋಡೆಯ ಕ್ಯಾಲೆಂಡರಿನಲ್ಲಿ ಸೋಮವಾರದ ಚೌಕಕ್ಕೆ ಅವನೇ ಕಡಲೆಕಾಯಿಯ ಚಿತ್ರ ಬರೆದ. ದಿನ ಕಳೆದಂತೆ ಹಿಂದಿನ ಚೌಕಗಳನ್ನು ಒಂದೊಂದಾಗಿ ಅಡ್ಡಗೆರೆ ಎಳೆದು ಮುಗಿಸಿದ. ಇವತ್ತು ಕಾರ್ತಿಕ ಮಾಸದ ಕೊನೆಯ ಸೋಮವಾರ. ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಪ್ರತಿ ವರ್ಷ ಅವನ ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದವರು ಅಪ್ಪ. ಅಪ್ಪ ಹೋಗಿ ನಾಲ್ಕು ವರ್ಷ. ಅಮ್ಮನಿಗೆ ಎಪ್ಪತ್ತು; ಮೊಣಕಾಲು ನೋವು, ಅಂಥ ಜನಜಂಗುಳಿಯಲ್ಲಿ ನಿಲ್ಲಲಾರಳು. ಮೊದಲ ಭೇಟಿಯಲ್ಲಿ, “ನಿಮಗೆ ಎಲ್ಲಿಗೆ ಹೋಗೋ ಆಸೆ?” ಎಂದು ನಿಮ್ಮಿಬ್ಬರನ್ನು ಜೋಡಿ ಮಾಡಿದ ಸಂಸ್ಥೆಯವರು ಕೇಳಿದಾಗ ಅವನು ಬಹಳ ಹೊತ್ತು ಮೇಜಿನ ಅಂಚು ಸವರಿ ಮೂರೇ ಪದ ಹೇಳಿದ್ದ. ಬಸವಣ್ಣ. ಕಡಲೆಕಾಯಿ. ಅಪ್ಪ.

“ಏಳು ಗಂಟೆಗೆ ಬಂದ್ಬಿಡಿ” ಎನ್ನುತ್ತಾಳೆ ಅಮ್ಮ, ಸೆರಗಿಗೆ ಕೈ ಒರೆಸಿಕೊಳ್ಳುತ್ತ. “ಏನಾದ್ರೂ ಗಲಾಟೆ ಆದ್ರೆ…” ಮಾತು ಅಲ್ಲಿಗೆ ನಿಲ್ಲುತ್ತದೆ. ಆ ಅರ್ಧ ಮಾತನ್ನೂ ಹೆಗಲಿಗೆ ಹಾಕಿಕೊಂಡು ಹೊರಡಿ.

ನೀವು ಅವನ ಆರೈಕೆಯವರಲ್ಲ, ಟೀಚರ್ ಅಲ್ಲ, ಥೆರಪಿಸ್ಟ್ ಅಲ್ಲ. ನಿಮಗೆ ಸಂಬಳ ಇಲ್ಲ. ಕಾಗದದಲ್ಲಿ ನಿಮ್ಮ ಹೆಸರಿನ ಮುಂದೆ ‘ಗೆಳೆಯ’ ಅಂತಷ್ಟೇ ಬರೆದಿದೆ. ಅಷ್ಟು ಬರೆಸಿಕೊಳ್ಳಲು ಎರಡು ಸಂದರ್ಶನ, ಪೊಲೀಸ್ ಪರಿಶೀಲನೆ, ನಿಮ್ಮನ್ನು ಬಲ್ಲ ಇಬ್ಬರ ಪತ್ರ, ಒಂದಿಡೀ ದಿನದ ತರಬೇತಿ ಬೇಕಾದವು. ಅಷ್ಟೂ ಬೇಕು ಎನ್ನುತ್ತೇನೆ ನಾನು, ಇನ್ನೂ ಹೆಚ್ಚಿದ್ದರೂ ಸರಿಯೇ. ತನಗಾದದ್ದನ್ನು ಹೇಳಿಕೊಳ್ಳಲು ಮಾತು ಸಾಲದವನ ಬಳಿಗೆ ಯಾರನ್ನೂ ಬರೀ ನಗುಮುಖ ನೋಡಿ ಕಳಿಸಬಾರದು. ನಿಮಗಿಂತ ಮೊದಲು ಒಬ್ಬ ಬಂದಿದ್ದ. ಮೂರು ಶನಿವಾರ ಬಂದ, ನಾಲ್ಕನೆಯದಕ್ಕೆ ಬರಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಇವನು ಚೀಲ ಹಿಡಿದು ಈ ಗೇಟಿನ ಬಳಿ ನಾಲ್ಕರಿಂದ ಕತ್ತಲಾಗುವವರೆಗೆ ನಿಂತ. ಹೀಗೆ ಹನ್ನೊಂದು ಶನಿವಾರ. ಅಮ್ಮ ಇದನ್ನು ನಿಮಗೆ ಹೇಳಿದ್ದು ಒಂದೇ ಸಲ, ಅಡುಗೆಮನೆಯಲ್ಲಿ, ಬೆನ್ನು ತಿರುಗಿಸಿಕೊಂಡು.

ಸೌತ್ ಎಂಡ್ ಸರ್ಕಲ್‌ನಲ್ಲಿ ಮೆಟ್ರೋ ಹತ್ತಿ, ಎರಡನೇ ನಿಲ್ದಾಣಕ್ಕೆ ಇಳಿಯಬೇಕು. ಸೀಟು ಖಾಲಿ ಇದ್ದರೂ ಅವನು ಕೂರುವುದಿಲ್ಲ. ಬಾಗಿಲಿನ ಗಾಜಿಗೆ ಅಂಗೈ ಒತ್ತಿ, ಗಾಡಿಯ ನಡುಕವನ್ನು ಮುಂಗೈವರೆಗೂ ಹತ್ತಿಸಿಕೊಂಡು ಕಣ್ಣು ಮುಚ್ಚುತ್ತಾನೆ. ಎದುರಿನ ಹೆಂಗಸು ಮಗಳನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾಳೆ. ನಿಮ್ಮ ಕೆನ್ನೆ ಬಿಸಿಯಾಗುತ್ತದೆ. ಅವನು ಗಮನಿಸಿದನೇ? ನಿಮಗೆ ಗೊತ್ತಾಗುವುದಿಲ್ಲ. ಗಮನಿಸಿಲ್ಲ ಎಂದುಕೊಳ್ಳುವುದು ಸುಲಭ. ಆದರೆ ಎಂಟು ತಿಂಗಳಲ್ಲಿ ನೀವು ಕಲಿತದ್ದಿದೆ: ಅವನು ಎಲ್ಲವನ್ನೂ ಗಮನಿಸುತ್ತಾನೆ, ಉತ್ತರ ಮಾತ್ರ ಬೇರೆ ಹೊತ್ತಿಗೆ ಬರುತ್ತದೆ.

ನ್ಯಾಷನಲ್ ಕಾಲೇಜು. ಇಳಿಯಿರಿ.

ಪರಿಷೆ ಕಣ್ಣಿಗಿಂತ ಮೊದಲು ಮೂಗಿಗೆ ಸಿಗುತ್ತದೆ. ಹುರಿದ ಕಡಲೆಕಾಯಿಯ ಸುಟ್ಟ ಸಿಪ್ಪೆಯ ವಾಸನೆ, ಅದರಡಿಯಲ್ಲಿ ಹಸಿಕಾಯಿಗೆ ಅಂಟಿದ ಕೆಮ್ಮಣ್ಣಿನ ವಾಸನೆ, ಬೇಯಿಸಿದ ಕಾಯಿಯ ಉಪ್ಪಾದ ಹಬೆ. ರಾಮಕೃಷ್ಣ ಆಶ್ರಮದ ಕಡೆಯಿಂದ ಬುಲ್ ಟೆಂಪಲ್ ರಸ್ತೆಗೆ ತಿರುಗಿದರೆ ಎರಡೂ ಬದಿಗೆ ರಾಶಿ, ರಾಶಿಯ ಹಿಂದೆ ರಾಶಿ. ಚಿಂತಾಮಣಿ, ಶ್ರೀನಿವಾಸಪುರ, ಮಾಗಡಿ ಕಡೆಯವರು, ಗಡಿಯಾಚೆಯ ತೆಲುಗಿನವರು, ತಮಿಳಿನವರು. ಸೇರಿನಲ್ಲಿ ಅಳೆದು ಸುರಿಯುವ ಸದ್ದು ಜಲ್ಲಿ ಸುರಿದ ಹಾಗೆ. ಬತ್ತಾಸು, ಬಳೆ, ಮಣ್ಣಿನ ಗಡಿಗೆ, ಬೊಂಬಾಯಿ ಮಿಠಾಯಿ.

ಅವನು ಕಿವಿಗವಸನ್ನು ಕಿವಿಗೇರಿಸಿಕೊಳ್ಳುತ್ತಾನೆ. ನಿಮ್ಮ ಹಿಂದೆ ಅರ್ಧ ಹೆಜ್ಜೆ ದೂರದಲ್ಲಿ, ನಿಮ್ಮ ಚೀಲದ ಹಿಡಿಯ ತುದಿ ಹಿಡಿದು ನಡೆಯುತ್ತಾನೆ. ನಿಮ್ಮ ಕೈ ಹಿಡಿಯುವುದಿಲ್ಲ, ಚೀಲದ ಹಿಡಿಯಾದರೆ ಸರಿ.

ಸುಂಕೇನಹಳ್ಳಿಯ ರೈತರ ಬೆಳೆಯನ್ನು ರಾತ್ರೋರಾತ್ರಿ ತಿನ್ನುತ್ತಿದ್ದ ಬಸವನ ಕತೆ ನಿಮಗೆ ಗೊತ್ತಿರುತ್ತದೆ. ಅವನನ್ನು ಸಮಾಧಾನ ಮಾಡಲು ಮೊದಲ ಫಸಲು ತಂದೊಪ್ಪಿಸುವುದಾಗಿ ರೈತರು ಮಾತು ಕೊಟ್ಟರು. ಕೆಂಪೇಗೌಡರು 1537ರಲ್ಲಿ ಗುಡಿ ಕಟ್ಟಿಸಿದರು ಎನ್ನುತ್ತಾರೆ. ಅಪ್ಪ ಈ ಕತೆಯನ್ನು ಅವನಿಗೆ ಪ್ರತಿ ವರ್ಷ ಇದೇ ರಸ್ತೆಯಲ್ಲಿ ಹೇಳುತ್ತಿದ್ದರಂತೆ. ಈಗ ಅವನು ನಿಮಗೆ ಹೇಳುತ್ತಾನೆ, ಎರಡೇ ಪದಗಳಲ್ಲಿ: “ಬಸವ ತಿಂದ.” ಸ್ವಲ್ಪ ದೂರ ನಡೆದು ಮತ್ತೆ: “ಬಸವ ತಿಂದ.”

ಶ್ರೀನಿವಾಸಪುರದ ಕಡೆಯ ಒಬ್ಬಳು ಮುದುಕಿಯ ರಾಶಿಯ ಮುಂದೆ ನಿಲ್ಲುತ್ತಾನೆ. ಕುಕ್ಕರಗಾಲಿನಲ್ಲಿ ಕೂರುತ್ತಾನೆ. ಒಂದು ಕಾಯಿ ಆರಿಸಿ, ಬಲಗಿವಿಯ ಗವಸನ್ನು ಒಂದಿಷ್ಟು ಎತ್ತಿ, ಕಾಯಿಯನ್ನು ಕಿವಿಯ ಬಳಿಗೆ ತಂದು ಹೆಬ್ಬೆರಳಿನಿಂದ ಒತ್ತುತ್ತಾನೆ. ಟಪ್. ಮುಖವೆಲ್ಲ ಸಡಿಲವಾಗುತ್ತದೆ. ಅವನಿಗೆ ಬೇಕಿರುವುದು ಬೀಜವಲ್ಲ, ಆ ಸದ್ದು. ಇನ್ನೊಂದು. ಟಪ್. ಮುದುಕಿ ನಿಮ್ಮನ್ನು ನೋಡುತ್ತಾಳೆ, ಅವನನ್ನು ನೋಡುತ್ತಾಳೆ, “ನೋಡ್ಕೊಳ್ಳಲಿ ಬಿಡು ಸಾಮಿ” ಎನ್ನುತ್ತಾಳೆ. ಎರಡು ಸೇರು ಅಳೆಸಿ. ಹಣ ಅವನೇ ಕೊಡಲಿ. ನೋಟುಗಳನ್ನು ನಿಧಾನವಾಗಿ, ಗಾಂಧಿಯ ಮುಖ ಮೇಲಾಗುವಂತೆ ಜೋಡಿಸಿ ಕೊಡುತ್ತಾನೆ. ಹಿಂದೆ ನಿಂತವರು ಗೊಣಗುತ್ತಾರೆ. ನಿಮ್ಮ ಕೈ ತಾನಾಗಿ ಜೇಬಿಗೆ ಹೋಗುತ್ತದೆ, ಬೇಗ ಕೊಟ್ಟು ಮುಗಿಸೋಣ ಎಂದು. ಕೈ ಅಲ್ಲೇ ಇರಲಿ. ಅವನ ಹಣ, ಅವನ ಕಡಲೆಕಾಯಿ, ಅವನ ನಿಧಾನ.

ಐದೂಮುಕ್ಕಾಲು. ದೀಪಗಳು ಹತ್ತಿಕೊಳ್ಳುತ್ತವೆ. ರಸ್ತೆಯುದ್ದಕ್ಕೂ ಮಿಣುಕುವ ಸರಗಳು, ಪ್ರತಿ ರಾಶಿಯ ಮೇಲೊಂದು ಬಿಳಿ ಬಲ್ಬು. ಕೆಲಸ ಮುಗಿಸಿದ ಊರೆಲ್ಲ ಒಮ್ಮೆಲೇ ರಸ್ತೆಗೆ ಇಳಿಯುತ್ತದೆ. ಬೆನ್ನಿಗೆ ಬೆನ್ನು, ಮೊಣಕೈಗೆ ಮೊಣಕೈ. ನಿಮ್ಮ ಚೀಲದ ಹಿಡಿ ಬಿಗಿಯಾಗುತ್ತದೆ, ಅವನು ಎಳೆಯುತ್ತಿದ್ದಾನೆ.

“ಅಂಗಡಿ ಮುಚ್ಚಿದೆ” ಎನ್ನುತ್ತಾನೆ.

ಸುತ್ತ ನೋಡುತ್ತೀರಿ. ಎದುರಿಗೆ ಬಳೆಯಂಗಡಿಯೊಂದಕ್ಕೆ ಟಾರ್ಪಾಲು ಎಳೆಯುತ್ತಿದ್ದಾರೆ. “ಅದೊಂದು ಮುಚ್ಚಿದೆ, ಮಿಕ್ಕಿದ್ದೆಲ್ಲ ತೆರೆದಿದೆ ನೋಡು” ಎನ್ನುತ್ತೀರಿ, ಹಗುರವಾಗಿ, ಗದ್ದಲ ಮೀರಿಸಲು ಸ್ವಲ್ಪ ಕೂಗಿಯೇ.

“ಅಂಗಡಿ ಮುಚ್ಚಿದೆ. ಅಂಗಡಿ ಮುಚ್ಚಿದೆ.”

ಅವನ ಧ್ವನಿ ಒಂದು ಮೆಟ್ಟಿಲು ಮೇಲೇರಿದೆ. ನೀವು ಮುಂದಿನ ಗುಂಪಿನಲ್ಲಿ ಸಂದು ಹುಡುಕುತ್ತಿದ್ದೀರಿ. ಆಗ, ಅವನ ತಲೆಯ ಹಿಂದೆ ಒಂದು ಮೊಳ ದೂರದಲ್ಲಿ, ಮೂವರು ಹುಡುಗರು ಒಟ್ಟಿಗೆ ಪೀಪಿ ಊದುತ್ತಾರೆ.

ಚೀಲದ ಹಿಡಿ ಸಡಿಲವಾಗುತ್ತದೆ.

ತಿರುಗಿ. ಬೇಗ. ಅವನು ನೆಲದಲ್ಲಿದ್ದಾನೆ. ಮಂಡಿ ಎದೆಗೆ, ತಲೆ ಮಂಡಿಗೆ. ಗವಸು ಕಳಚಿ ಸಿಪ್ಪೆಯ ನಡುವೆ ಬಿದ್ದಿದೆ. ಬಲ ಮುಷ್ಟಿ ಹಣೆಗೆ ಬಡಿಯುತ್ತಿದೆ, ಒಂದು, ಎರಡು, ಮೂರು, ಮೂಳೆಗೆ ಮೂಳೆ ತಾಗುವ ಸದ್ದು ನಿಮಗೆ ಇಷ್ಟೊಂದು ಗದ್ದಲದಲ್ಲೂ ಕೇಳುತ್ತದೆ. ಗಂಟಲಿನಿಂದ ಬರುತ್ತಿರುವುದು ಅಳುವಲ್ಲ, ಕೂಗಲ್ಲ, ಒಂದೇ ಶ್ರುತಿಯ ಉದ್ದನೆಯ ನರಳಾಟ. ಹುಡುಗರಿಗೆ ಗೊತ್ತೇ ಇಲ್ಲ, ಮತ್ತೆ ಊದುತ್ತಾರೆ.

ನಿಮ್ಮ ಬಾಯಿ ಒಣಗುತ್ತದೆ. ಕೈಗಳು ಮುಂದೆ ಹೋಗುತ್ತವೆ, ಅವನ ಮುಷ್ಟಿ ಹಿಡಿಯಲು, ಅವನನ್ನು ಎತ್ತಲು, ಇಲ್ಲಿಂದ ಎಳೆದುಕೊಂಡು ಹೋಗಲು.

ಹಿಡಿಯಬೇಡಿ.

ಹಿಡಿದರೆ ಅವನ ಮೈಗೆ ಅದು ಇನ್ನೊಂದು ಪೀಪಿ. ನಮ್ಮ ಕಿವಿಗೆ ಒಂದು ಜರಡಿ ಇದೆ. ಸಂತೆಯಲ್ಲೂ ಬೇಕಾದ ಮಾತೊಂದನ್ನು ಹಿಡಿದು ಮಿಕ್ಕಿದ್ದನ್ನು ಕೆಳಗೆ ಬಿಡುತ್ತದೆ. ಅವನಿಗೆ ಸಂಜೆಯಿಂದ ಎಲ್ಲವೂ ಒಂದೇ ಅಳತೆಯಲ್ಲಿ ಒಳಗೆ ಸುರಿದಿದೆ, ಬಲ್ಬಿನ ಬಿಳುಪು, ಮೊಣಕೈಗಳು, ಹೊಗೆ, ನಿಮ್ಮ ಕೂಗು. ಇದು ಹಟವಲ್ಲ, ಸಿಟ್ಟಲ್ಲ. ತುಂಬಿದ ಕೊಡ ಹೊರಚೆಲ್ಲಿದೆ. ಅದು ಚೆಲ್ಲಿ ಮುಗಿಯುವವರೆಗೆ ಅವನಿಗೆ ಪೆಟ್ಟಾಗದ ಹಾಗೆ ನೋಡಿಕೊಳ್ಳಬೇಕು, ಹೊಸದೇನೂ ಒಳಗೆ ಸುರಿಯದ ಹಾಗೆ ನೋಡಿಕೊಳ್ಳಬೇಕು. ಅಷ್ಟೇ ನಿಮ್ಮ ಕೈಯಲ್ಲಿರುವುದು.

ಸ್ವೆಟರ್ ಬಿಚ್ಚಿ. ಮಡಚಿ. ಮುಷ್ಟಿಗೂ ಹಣೆಗೂ ನಡುವೆ ಒಡ್ಡಿ, ಅವನನ್ನು ಮುಟ್ಟದೆ. ಪೆಟ್ಟು ಈಗ ಉಣ್ಣೆಗೆ ಬೀಳುತ್ತದೆ. ಥಪ್. ಥಪ್. ನಿಮ್ಮ ಬೆರಳ ಗೆಣ್ಣಿಗೂ ಬೀಳುತ್ತದೆ. ಇರಲಿ.

ಜನ ಸುತ್ತುಗಟ್ಟಿದರು. ನಮ್ಮ ಜನ ಕೆಟ್ಟವರಲ್ಲ; ಸಹಾಯ ಮಾಡಲು ಹತ್ತು ಕೈ ಬರುತ್ತವೆ, ಹತ್ತೂ ತಪ್ಪು ಕಡೆಗೆ. “ಫಿಟ್ಸ್ ಕಣ್ರೀ, ಕೈಗೆ ಕಬ್ಬಿಣ ಕೊಡಿ!” ಯಾರೋ ಬೀಗದ ಕೈ ಗೊಂಚಲನ್ನು ಅವನ ಬೆರಳಿಗೆ ತುರುಕಲು ಬಾಗುತ್ತಾರೆ. ಇನ್ನೊಬ್ಬರು ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಾರೆ, ಮುಖಕ್ಕೆ ನೀರು ಎರಚಲು. “ಕುಡಿದಿದಾನೆ.” “ಅಯ್ಯೋ ಪಾಪ, ಎಷ್ಟು ದೊಡ್ಡೋನು.” ಒಂದು ಮೊಬೈಲು ಮೇಲೇಳುತ್ತದೆ, ಅದರ ಹಿಂದೆ ಇನ್ನೊಂದು. ನೀವು ಎದ್ದು ಆ ಮೊಬೈಲುಗಳಿಗೂ ಅವನಿಗೂ ನಡುವೆ ನಿಲ್ಲಬೇಕೆ, ಸ್ವೆಟರ್ ಹಿಡಿದು ಇಲ್ಲೇ ಕೂರಬೇಕೆ? ಎರಡೂ ಆಗುವುದಿಲ್ಲ. ಕೂರುತ್ತೀರಿ. ಬೆನ್ನನ್ನು ಅಗಲ ಮಾಡುತ್ತೀರಿ, ಎಷ್ಟಾಗುತ್ತದೋ ಅಷ್ಟು.

ಆಗ ಕತ್ತಲಾಗುತ್ತದೆ.

ನಿಮ್ಮ ತಲೆಯ ಮೇಲಿದ್ದ ಬಿಳಿ ಬಲ್ಬು ಆರಿದೆ. ಆರಿಸಿದವಳು ಆ ಮುದುಕಿ. ಒಂದು ಗೋಣಿತಾಟು ಎತ್ತಿ ಎರಡು ಗಳುಗಳ ನಡುವೆ ಎಸೆಯುತ್ತಾಳೆ, ಮರೆಯಾಗುವಂತೆ. “ಏನ್ ನೋಡ್ತೀರಪ್ಪೋ, ನಿಮ್ಮನೆಲಿ ಮಕ್ಳಿಲ್ವಾ? ಗಾಳಿ ಬಿಡ್ರಿ!” ವ್ಯಾಪಾರದ ಹೊತ್ತಿನಲ್ಲಿ ದೀಪ ಆರಿಸಿಕೊಂಡಿದ್ದಾಳೆ. ಅವಳಿಗೆ ಯಾರು ಹೇಳಿಕೊಟ್ಟರು?

ಲಾಠಿ ನೆಲಕ್ಕೆ ತಾಗುವ ಸದ್ದು. ಕಾನ್‌ಸ್ಟೆಬಲ್ ಬಂದಿದ್ದಾರೆ. “ಏನದು? ಏಳಿಸಿ ಅವನನ್ನ.”

ಅವನ ಚೀಲದ ಒಳಜೇಬಿನಲ್ಲಿ ಒಂದು ಕಾರ್ಡು ಇದೆ. ಸರ್ಕಾರದ ಗುರುತಿನ ಕಾರ್ಡು, ಅವನ ಫೋಟೋ, ಕೆಳಗೆ ಅವನ ಅಸಾಮರ್ಥ್ಯದ ಹೆಸರು. ಆ ಹೆಸರು ಬರಲು ಅವನ ಅರ್ಧ ಆಯಸ್ಸು ಹಿಡಿಯಿತು. ಅವನು ಚಿಕ್ಕವನಿದ್ದಾಗ ಇದ್ದ 1995ರ ಕಾಯ್ದೆ ಏಳೇ ಬಗೆಯ ಅಸಾಮರ್ಥ್ಯಗಳನ್ನು ಹೇಳುತ್ತಿತ್ತು, ಆಟಿಸಂ ಅವುಗಳಲ್ಲಿ ಇರಲಿಲ್ಲ. ಹಾಗಾಗಿ ಅವನ ಹಳೆಯ ಸರ್ಟಿಫಿಕೇಟಿನಲ್ಲಿ ‘ಬುದ್ಧಿಮಾಂದ್ಯ’ ಎಂದಷ್ಟೇ ಇತ್ತು. 2016ರ ಕಾಯ್ದೆ ಏಳನ್ನು ಇಪ್ಪತ್ತೊಂದು ಮಾಡಿದ ಮೇಲೆ ಅಮ್ಮ ಮತ್ತೆ ಸಾಲಿನಲ್ಲಿ ನಿಂತು ಹೊಸದು ಮಾಡಿಸಿದಳು. ಆ ಕಾರ್ಡನ್ನು ಎತ್ತಿ ಹಿಡಿದರೆ ಈ ಕ್ಷಣ ದಾರಿ ಬಿಡುತ್ತದೆ. ಆದರೆ ನೂರು ಜನರ ಮುಂದೆ, ಮಾತು ಬಾರದ ಈ ಹೊತ್ತಿನಲ್ಲಿ, ಅವನ ಹೆಸರು, ಅವನ ಅಸಾಮರ್ಥ್ಯ ನೀವು ಬಿಚ್ಚಿ ತೋರಿಸಬಹುದೇ? ಅವನು ಒಪ್ಪುತ್ತಾನೆಯೇ? ಕೇಳುವಂತಿಲ್ಲ. ಎರಡು ಸೆಕೆಂಡು ಇದೆ ನಿಮಗೆ.

ಕಾರ್ಡು ಅಲ್ಲೇ ಇರಲಿ. ಸ್ವೆಟರನ್ನು ಮುದುಕಿಯ ಕೈಗೆ ಕೊಟ್ಟು ಎದ್ದು, ಕಾನ್‌ಸ್ಟೆಬಲ್ ಹತ್ತಿರಕ್ಕೆ, ಕಿವಿಯ ಹತ್ತಿರಕ್ಕೆ ಹೋಗಿ. “ಸರ್, ಅವನು ನನ್ನ ಗೆಳೆಯ. ಆಟಿಸಂ ಇದೆ. ಶಬ್ದ ಜಾಸ್ತಿ ಆಯ್ತು. ಮುಟ್ಟೋದು ಬೇಡ. ಹತ್ತು ನಿಮಿಷ ಜಾಗ ಮಾಡಿಸಿಕೊಡಿ, ಅವನೇ ಏಳ್ತಾನೆ.”

ಅವರು ನಿಮ್ಮನ್ನು ನೋಡುತ್ತಾರೆ. ಗೋಣಿತಾಟಿನ ಕಡೆ ನೋಡುತ್ತಾರೆ. ನಿಮ್ಮ ಹೃದಯ ಕಿವಿಯಲ್ಲಿ ಬಡಿಯುತ್ತಿದೆ. ಆಮೇಲೆ ಅವರು ಬೆನ್ನು ತಿರುಗಿಸಿ, ಲಾಠಿಯನ್ನು ಅಡ್ಡ ಹಿಡಿದು, ಜನರ ಕಡೆ ಮುಖ ಮಾಡುತ್ತಾರೆ. “ನಡೀರಿ, ನಡೀರಿ. ಏಯ್, ಪೀಪಿ ಕೊಡೋ ಇಲ್ಲಿ.”

ಮತ್ತೆ ಅವನ ಪಕ್ಕಕ್ಕೆ. ಒಂದು ಮೊಳ ದೂರ ಬಿಟ್ಟು ಕುಳಿತುಕೊಳ್ಳಿ. ಏನೂ ಮಾತಾಡಬೇಡಿ, ‘ಏನೂ ಆಗಲ್ಲ’ ಎಂದೂ ಹೇಳಬೇಡಿ. ನಿಮ್ಮ ಉಸಿರು ಉದ್ದವಾಗಲಿ. ಗೋಣಿಯ ಧೂಳು ಮೂಗಿಗೆ ಹತ್ತುತ್ತದೆ, ಕಾಲಡಿಯಲ್ಲಿ ಸಿಪ್ಪೆ ಚುಚ್ಚುತ್ತದೆ.

ಈಗ, ಕೈಗೆ ಕೆಲಸವಿಲ್ಲದ ಈ ಹೊತ್ತಿನಲ್ಲಿ, ಅದು ನಿಮಗೆ ಹೊಳೆಯುತ್ತದೆ. ಅಂಗಡಿ ಮುಚ್ಚಿದೆ. ಮಾರ್ಚ್‌ನಲ್ಲಿ ಹೋಟೆಲೊಂದರಲ್ಲಿ ತಟ್ಟೆಗಳ ಸದ್ದಿಗೆ ಅವನು ಇದನ್ನೇ ಹೇಳಿದ್ದ. ಅಪ್ಪನದು ಪುಸ್ತಕ, ಪೆನ್ನಿನ ಅಂಗಡಿ. ರಾತ್ರಿ ಷಟರ್ ಎಳೆದಮೇಲೆ ಯಾರಾದರೂ ಬಂದರೆ ಅಪ್ಪ ಹೇಳುತ್ತಿದ್ದ ಮಾತದು. ಅವನ ಬಾಯಲ್ಲಿ: ಸಾಕು, ಇನ್ನು ನನ್ನೊಳಗೆ ಜಾಗವಿಲ್ಲ. ಅಮ್ಮ ವಿವರಿಸಿದ್ದಳು. ನೀವು ಡೈರಿಯಲ್ಲಿ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದಿದ್ದಿರಿ. ಅವನು ಮೂರು ಸಲ ಹೇಳಿದ. ತನ್ನಲ್ಲಿರುವ ಅತ್ಯಂತ ಸ್ಪಷ್ಟ ಮಾತಿನಲ್ಲಿ, ಸರಿಯಾದ ಹೊತ್ತಿಗೆ, ಸರಿಯಾದ ಮನುಷ್ಯನಿಗೆ ಹೇಳಿದ. ನೀವು ಬಳೆಯಂಗಡಿ ನೋಡುತ್ತಿದ್ದಿರಿ.

ಮಾತು ಬಾರದವರು ಎನ್ನುತ್ತೇವಲ್ಲ, ಇವತ್ತು ಬಾರದೇ ಹೋದದ್ದು ಯಾರಿಗೆ?

ನರಳಾಟದ ಶ್ರುತಿ ಇಳಿಯುತ್ತದೆ. ಮುಷ್ಟಿ ನಿಧಾನವಾಗುತ್ತದೆ, ನಿಲ್ಲುತ್ತದೆ. ಕಿವಿಗವಸನ್ನು ಅಂಗಿಗೆ ಒರೆಸಿ ಅವನ ಕೈಗೆ ಎಟಕುವಲ್ಲಿ ಇಡಿ. ಒಂದು ನಿಮಿಷ. ಎರಡು. ಬೆರಳುಗಳು ಬಂದು ಅದನ್ನು ತೆಗೆದುಕೊಳ್ಳುತ್ತವೆ.

ಅವನೇ ಏಳುತ್ತಾನೆ. ಚೀಲದ ಹಿಡಿ ಹುಡುಕುತ್ತಾನೆ. ಕೊಡಿ.

ರಸ್ತೆ ಬಿಟ್ಟು ಕಹಳೆ ಬಂಡೆಯ ಉದ್ಯಾನದೊಳಗೆ, ಹಿಂದಿನ ಮೂಲೆಗೆ. ಹಿಂದೆ ಕಾವಲಿನವರು ಈ ಬಂಡೆಯ ಮೇಲಿಂದ ಕಹಳೆ ಊದುತ್ತಿದ್ದರಂತೆ. ಇವತ್ತು ಊರಿಗೆಲ್ಲ ಪೀಪಿ, ಇಲ್ಲಿ ಮಾತ್ರ ಇಲ್ಲ. ಅವನು ಬಂಡೆಯ ಮೇಲೆ ಎರಡೂ ಅಂಗೈ ಊರುತ್ತಾನೆ, ಆಮೇಲೆ ಕೆನ್ನೆ. ನೀವೂ ಅಂಗೈ ಇಡಿ. ಹಗಲಿನ ಬಿಸಿ ಇನ್ನೂ ಆರಿಲ್ಲ, ಅದರ ಕೆಳಗೆ ತಣ್ಣಗಿನ ಗಟ್ಟಿತನ. ಮುನ್ನೂರು ಕೋಟಿ ವರ್ಷದ ಕಲ್ಲು ಇದು. ಇಬ್ಬರ ತೂಕವನ್ನೂ ತೆಗೆದುಕೊಳ್ಳುತ್ತದೆ.

ಅವನ ಹಣೆಯಲ್ಲಿ ಕೆಂಪಗೆ ಬಾವು ಎದ್ದಿದೆ. ನಿಮ್ಮ ಗೆಣ್ಣು ತರಚಿದೆ. ಆರೂ ಇಪ್ಪತ್ತು. ಈಗ ಹೊರಟರೆ ಏಳಕ್ಕೆ ಮನೆ. ನೀವು ಆಗಲೇ ತೀರ್ಮಾನಿಸಿಬಿಟ್ಟಿದ್ದೀರಿ, ಹೊರಡುವುದು ಎಂದು. ಹೆದರಿಕೆಯ ತೀರ್ಮಾನ, ಆದರೆ ಜವಾಬ್ದಾರಿಯ ಬಟ್ಟೆ ತೊಟ್ಟಿದೆ. ಒಂದು ಕ್ಷಣ ತಡೆಯಿರಿ. ಇದು ಯಾರ ಸಂಜೆ?

ಎರಡು ಅಂಗೈ ಮುಂದೆ ಚಾಚಿ. ಎಡಗೈ ತೋರಿಸಿ: “ಮನೆ.” ಬಲಗೈ: “ಬಸವಣ್ಣ.” ಸುಮ್ಮನಾಗಿ. ಹತ್ತು ಸೆಕೆಂಡು. ಇಪ್ಪತ್ತು. ನಾಲಿಗೆ ತುದಿಯಲ್ಲಿ ಪ್ರಶ್ನೆ ಮತ್ತೆ ಬರುತ್ತದೆ, ನುಂಗಿ. ಎರಡನೇ ಸಲ ಕೇಳಿದರೆ ಅವನು ಮೊದಲಿನಿಂದ ಯೋಚಿಸಬೇಕು. ನಲವತ್ತು. ಮರದಲ್ಲಿ ಯಾವುದೋ ಹಕ್ಕಿ ರೆಕ್ಕೆ ಕೊಡವುತ್ತದೆ.

ಅವನು ಎಡಗೈ ಮುಟ್ಟುವುದಿಲ್ಲ. ಬಲಗೈ ಮುಟ್ಟುವುದಿಲ್ಲ. ತನ್ನ ಖಾಲಿ ಹೆಗಲನ್ನು ಮುಟ್ಟಿಕೊಳ್ಳುತ್ತಾನೆ.

“ಕೈಚೀಲ.”

ಎರಡು ಸೇರು ಕಡಲೆಕಾಯಿ ಮುದುಕಿಯ ರಾಶಿಯ ಪಕ್ಕದಲ್ಲೇ ಉಳಿದಿದೆ. ಅವನು ಜೋಡಿಸಿ ಕೊಟ್ಟ ಹಣದ ಕಡಲೆಕಾಯಿ. ನೀವು ಕೊಟ್ಟ ಎರಡು ದಾರಿಗಳಲ್ಲೂ ಅದು ಇರಲಿಲ್ಲ.

ಮತ್ತೆ ಆ ರಸ್ತೆಗೆ. ನಿಮ್ಮ ಹೊಟ್ಟೆ ಹಿಂಡುತ್ತದೆ. ನೀವೊಬ್ಬರೇ ಓಡಿ ತರಬಹುದು, ಆದರೆ ಅವನನ್ನು ಇಲ್ಲಿ ಬಿಟ್ಟು ಹೋಗುವಂತಿಲ್ಲ. ಹೋಗಬಹುದಾದರೂ ಹೋಗಬಾರದು, ಹೋದವರು ಬರುತ್ತಾರೆ ಎಂದು ಅವನು ನಂಬಲು ಕಾರಣವಿಲ್ಲ. “ಅಲ್ಲಿ ಪೀಪಿ ಇರತ್ತೆ” ಎನ್ನುತ್ತೀರಿ. ಅವನು ಗವಸನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಎದ್ದು ನಿಲ್ಲುತ್ತಾನೆ. ಗೊತ್ತು, ಎನ್ನುತ್ತಿದೆ ಆ ನಿಲುವು.

ರಾಶಿಗಳ ಹಿಂದಿನ ಕಿರುದಾರಿ, ಚೀಲಗಳ ನಡುವೆ, ಗೋಡೆಗೆ ತಾಗಿಕೊಂಡು. ಈ ಸಲ ಅವನು ಮುಂದೆ, ನೀವು ಅರ್ಧ ಹೆಜ್ಜೆ ಹಿಂದೆ. ದೂರದಲ್ಲೊಂದು ಪೀಪಿ, ಅವನ ಕತ್ತಿನ ನರ ಬಿಗಿಯುತ್ತದೆ, ಕಾಲು ನಿಲ್ಲುತ್ತದೆ. ನಿಮ್ಮದೂ ನಿಲ್ಲುತ್ತದೆ. ಈ ಸಲ ನೀವು ಕೇಳುತ್ತೀರಿ: “ಅಂಗಡಿ ಮುಚ್ಚಿದೆಯಾ?” ಅವನು ಯೋಚಿಸುತ್ತಾನೆ. ಇಲ್ಲ ಎಂದು ತಲೆಯಾಡಿಸುತ್ತಾನೆ. ನಡೆಯುತ್ತಾನೆ.

ಚೀಲವನ್ನು ಮುದುಕಿ ತನ್ನ ಮಂಡಿಯಡಿ ಇಟ್ಟುಕೊಂಡಿದ್ದಾಳೆ. ಬಲ್ಬು ಮತ್ತೆ ಉರಿಯುತ್ತಿದೆ. ಇವನನ್ನು ಕಂಡು ಕೈ ಅಡ್ಡ ಹಿಡಿಯುತ್ತಾಳೆ, ಬೆಳಕು ಅವನ ಕಣ್ಣಿಗೆ ಬೀಳದಂತೆ. ಚೀಲ ಕೊಡುವ ಮುಂಚೆ ಬೊಗಸೆ ತುಂಬ ಕಾಯಿ ತೆಗೆದು ಮೇಲೆ ಸುರಿಯುತ್ತಾಳೆ. “ಕೊಸರು” ಎನ್ನುತ್ತಾಳೆ. ಅವನಿಗೆ ಹೊಸ ಪದ. “ಕೊಸರು” ಎನ್ನುತ್ತಾನೆ, ಅವಳದೇ ಧ್ವನಿಯಲ್ಲಿ. ಅವಳು ನಗುತ್ತಾಳೆ, ಹಲ್ಲಿಲ್ಲದ ಬಾಯಿ ತುಂಬ.

ಏಳಾಗುತ್ತ ಬಂತು. ಗುಡಿಯ ಮೆಟ್ಟಿಲ ಕಡೆ ಅವನು ತಿರುಗಿದ್ದಾನೆ. ಅಮ್ಮನಿಗೆ ಫೋನು ಮಾಡಬೇಕು.

ಬೆರಳು ಫೋನಿನ ಮೇಲಿರುವಾಗ ನನಗೆ ಇಂಗ್ಲೆಂಡಿನ ಬ್ರೈಟನ್ನಿನ ಒಂದು ಸಂಗತಿ ನೆನಪಾಗುತ್ತದೆ. ಅಲ್ಲಿ ‘ಹೆವಿ ಲೋಡ್’ ಎಂಬ ಪಂಕ್ ಬ್ಯಾಂಡ್ ಇತ್ತು; ಅದರ ಕೆಲವು ಸದಸ್ಯರಿಗೆ ಬೌದ್ಧಿಕ ಅಸಾಮರ್ಥ್ಯ. ಅವರು ನುಡಿಸುತ್ತಿದ್ದಂತೆ ರಾತ್ರಿ ಒಂಬತ್ತರ ಹೊತ್ತಿಗೆ ಕುಣಿಯುತ್ತಿದ್ದ ಜನ ಎದ್ದು ಹೊರಡುತ್ತಿದ್ದರು, ಬೇಸರದಿಂದಲ್ಲ, ಅವರನ್ನು ಕರೆತಂದ ಆರೈಕೆ ಸಿಬ್ಬಂದಿಯ ಪಾಳಿ ಹತ್ತಕ್ಕೆ ಮುಗಿಯುತ್ತಿತ್ತು, ಅದಕ್ಕೆ. ಬ್ಯಾಂಡಿನವರು ಇದರ ವಿರುದ್ಧ ‘ಸ್ಟೇ ಅಪ್ ಲೇಟ್’ ಎಂದು ಚಳವಳಿ ಹೂಡಿದರು. ಅದರಿಂದ ‘ಗಿಗ್ ಬಡೀಸ್’ ಹುಟ್ಟಿತು: ಒಂದೇ ಬಗೆಯ ಹಾಡು ಇಷ್ಟಪಡುವ ಇಬ್ಬರನ್ನು ಜೋಡಿ ಮಾಡಿ, ಒಬ್ಬರು ಇನ್ನೊಬ್ಬರನ್ನು ಕಛೇರಿಗೆ ಕರೆದೊಯ್ದು ಕೊನೆಯ ಹಾಡಿನವರೆಗೂ ಇರುವುದು. ನಮ್ಮಲ್ಲಿ ಪಾಳಿ ಇಲ್ಲ, ಅಮ್ಮನ ಮೊಣಕಾಲಿದೆ, ಅಮ್ಮನ ಎದೆಬಡಿತವಿದೆ. ಅವಳ ಹೆದರಿಕೆಯನ್ನು ನಾನು ದೂರಲಾರೆ. 34 ವರ್ಷ ಅವಳು ಹೊತ್ತದ್ದು ಅದು. ಆದರೂ ದೀಪ ಹತ್ತಿದ ಮೇಲಿನ ಪರಿಷೆಯೇ ಪರಿಷೆ.

“ಎಲ್ಲಿದೀರ? ಅವನು ಸರಿಯಾಗಿದಾನಾ?” ಮೊದಲ ರಿಂಗಿಗೇ ಎತ್ತಿದ್ದಾಳೆ.

“ಇಲ್ಲೇ ಇದೀವಿ. ಒಂದು ಕಷ್ಟ ಆಯ್ತು, ಕಳೀತು. ಬಂದು ಹೇಳ್ತೀವಿ. ಅವನಿಗೆ ಬಸವಣ್ಣನ ಹತ್ರ ಹೋಗಬೇಕಂತೆ. ಎಂಟಕ್ಕೆ ಬರಬಹುದಾ?”

ಆ ಕಡೆ ಉಸಿರು ಮಾತ್ರ. ನೀವು ಸುಳ್ಳು ಹೇಳಬಹುದಿತ್ತು. ಕೊನೆಗೆ, “ಅವನ ಕೈಗೆ ಫೋನ್ ಕೊಡಿ.” ಅವನು ಫೋನನ್ನು ಗವಸಿನ ಮೇಲೇ ಒತ್ತಿಕೊಂಡು, ಅಮ್ಮ ಏನು ಕೇಳಿದಳೋ, ಒಂದೇ ಪದ ಹೇಳಿ ಹಿಂತಿರುಗಿಸುತ್ತಾನೆ. “ಕೊಸರು.”

ಗುಡಿಯೊಳಗೆ ಹೋಗಲು ಆಗುವುದಿಲ್ಲ, ಸಾಲು ರಸ್ತೆಯವರೆಗೂ ಬಂದಿದೆ. ಅವನು ಸಾಲಿನ ಕಡೆ ನೋಡುವುದೂ ಇಲ್ಲ. ಕೆಳಗಿನ ಮೆಟ್ಟಿಲ ಪಕ್ಕ ಕೂತು ಚೀಲದೊಳಗೆ ಕೈ ಹಾಕಿ ಬಹಳ ಹೊತ್ತು ಹುಡುಕಿ, ಮೂರು ಬೀಜದ ಉದ್ದನೆಯ ಒಂದು ಕಾಯಿ ಆರಿಸುತ್ತಾನೆ. ಕಿವಿಗೆ ಹಿಡಿಯುವುದಿಲ್ಲ, ಒಡೆಯುವುದಿಲ್ಲ. ಮೆಟ್ಟಿಲ ಮೂಲೆಯಲ್ಲಿ, ಯಾರ ಕಾಲಿಗೂ ಸಿಗದ ಕಡೆ, ಗೋಡೆಗೆ ಒತ್ತಿ ಇಡುತ್ತಾನೆ. “ಬಸವ ತಿಂದ” ಎನ್ನುತ್ತಾನೆ. ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕೂರುತ್ತಾನೆ. ಅವನ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಖಾಲಿ ಇದೆ. ನೀವು ಅಲ್ಲಿ ಕೂರಬೇಡಿ. ಈ ಕಡೆ ಕೂತುಕೊಳ್ಳಿ.

ಎಂಟೂ ಹತ್ತಕ್ಕೆ ಅಮ್ಮ ಗೇಟಿನಲ್ಲೇ ನಿಂತಿದ್ದಾಳೆ. ಅವಳ ಕಣ್ಣು ನೇರ ಅವನ ಹಣೆಯ ಬಾವಿಗೆ ಹೋಗುತ್ತದೆ. ನೀವು ಬಾಯಿ ತೆರೆಯುತ್ತೀರಿ, ಮುಚ್ಚುತ್ತೀರಿ. ಅವನ ಕಡೆ ತಿರುಗಿ ಕೇಳುತ್ತೀರಿ: “ಹೇಳ್ಲಾ? ನೀನೇ ಹೇಳ್ತೀಯಾ?”

“ಪೀಪಿ” ಎನ್ನುತ್ತಾನೆ ಅಂಗಿಯ ಗುಂಡಿಗೆ. “ಅಂಗಡಿ ಮುಚ್ಚಿದೆ.” ಆಮೇಲೆ, ತಡೆದು, “ಅಜ್ಜಿ ದೀಪ ಆರಿಸಿದಳು.”

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾಳೆ. ಐದು ತಿಂಗಳಲ್ಲಿ ಅವನು ಆಡಿದ ಅತಿ ಉದ್ದನೆಯ ಮಾತು ಅದು ಎಂದು ನಿಮಗೆ ಆಮೇಲೆ ಹೇಳುತ್ತಾಳೆ. “ನಾನು ಮೂರು ಸಲ ಕೇಳಿಸಿಕೊಳ್ಳಲಿಲ್ಲ” ಎಂದು ನೀವೂ ಹೇಳಬೇಕು, ಅವನ ಎದುರಿಗೇ. ಹೇಳಿ. ಗಂಟಲು ಕಟ್ಟುತ್ತದೆ, ಆದರೂ ಹೇಳಿ. ಅವನು ತಲೆ ಎತ್ತುವುದಿಲ್ಲ. ಪಡಸಾಲೆಯಲ್ಲಿ ದಿನಪತ್ರಿಕೆ ಹಾಸಿ ಚೀಲ ಬೋರಲು ಹಾಕುತ್ತಾನೆ. ಒಂದು ಬೀಜದವು ಇಲ್ಲಿ, ಎರಡರವು ಅಲ್ಲಿ, ಮೂರರವು ತನ್ನ ಮಂಡಿಯ ಹತ್ತಿರ.

ಹೊರಡುವ ಹೊತ್ತು. ಚಪ್ಪಲಿ ಮೆಟ್ಟಿಕೊಳ್ಳುವಾಗ ಬೆನ್ನ ಹಿಂದೆ ಹೆಜ್ಜೆ ಸದ್ದು. ಅವನು ಬಾಗಿಲಿಗೆ ಬಂದಿದ್ದಾನೆ, ಕೈಯಲ್ಲಿ ಏನೂ ಇಲ್ಲ, ಕಣ್ಣು ನಿಮ್ಮ ಮೂರನೇ ಗುಂಡಿಯಲ್ಲಿ.

“ಶನಿವಾರ. ನಾಲ್ಕು ಗಂಟೆ.”

ನಿಮಗೆ ಗೊತ್ತು, ಈ ಮಾತಿಗೆ ‘ನೋಡೋಣ’ ಎನ್ನುವಂತಿಲ್ಲ. ಮಳೆ, ಜ್ವರ, ಆಫೀಸು, ಮದುವೆ, ಎಲ್ಲವೂ ಒಂದು ಕ್ಷಣ ನಿಮ್ಮ ಕಣ್ಣ ಮುಂದೆ ಹಾಯುತ್ತವೆ. ಅವುಗಳ ಹಿಂದೆ ಗೇಟಿನ ಬಳಿ ಚೀಲ ಹಿಡಿದು ನಿಂತ ಹನ್ನೊಂದು ಶನಿವಾರ.

“ಶನಿವಾರ ನಾಲ್ಕು ಗಂಟೆ” ಎನ್ನುತ್ತೀರಿ.

ಅವನು ಬಾಗಿಲು ಮುಚ್ಚುವುದಿಲ್ಲ. ಯಾವಾಗಲೂ ಎರಡು ಸಲ ಹೇಳಬೇಕು. ಹೇಳಿ.